ಮೇಕೆಯನ್ನು ವಾಪಸ್ ಕರೆತರುವ ಹೆಜ್ಜೆ

ಹುಲಿ, ಮೇಕೆ, ಹುಲ್ಲಿನ ಹೊರೆ ಮೂರನ್ನೂ ಹೊಳೆ ದಾಟಿಸಬೇಕಾದ ಅಂಬಿಗನ ಒಗಟು ನಮ್ಮಲ್ಲಿ ಬಹುಪಾಲು ಮಂದಿಗೆ ಗೊತ್ತು. ದೋಣಿಯಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನು ಹತ್ತಿರವಿಲ್ಲದಿದ್ದರೆ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು. ಏಳು ಸವಾರಿಯಲ್ಲಿ ಕೆಲಸ ಮುಗಿಯುತ್ತದೆ. ಆ ಏಳರಲ್ಲಿ ನನ್ನ ಆಸಕ್ತಿಯಿರುವುದು ನಾಲ್ಕನೆಯದರಲ್ಲಿ, ಆಗಲೇ ಆಚೆ ದಡ ಸೇರಿದ್ದ ಮೇಕೆಯನ್ನು ಮತ್ತೆ ಈಚೆಗೆ ತರುವುದರಲ್ಲಿ.

ಮಕ್ಕಳು ಸಿಕ್ಕಿಬೀಳುವುದೇ ಅಲ್ಲಿ, ದೊಡ್ಡವರೂ ಕೂಡ. ಮೂರು ಸವಾರಿಯ ಹೊತ್ತಿಗೆ ಎರಡು ಆಚೆ ತಲುಪಿವೆ. ಈಗ ಒಂದನ್ನು ಹಿಂದಕ್ಕೆ ತಂದರೆ ಮಾಡಿದ ಕೆಲಸವೇ ಹಾಳಾಯಿತಲ್ಲ ಎಂದು ಮನಸ್ಸು ಅಡ್ಡ ನಿಲ್ಲುತ್ತದೆ. ಪ್ರತಿ ಹೆಜ್ಜೆಯೂ ಗುರಿಯ ಕಡೆಗೇ ಇರಬೇಕು ಎಂದು ನಾವು ಯಾರೂ ಹೇಳಿಕೊಡದೆಯೇ ನಂಬಿರುತ್ತೇವೆ.

ಆ ನಂಬಿಕೆಯನ್ನು ಕಾಗದದ ಮೇಲೆ ಪರೀಕ್ಷಿಸಬಹುದು. ಅಂಬಿಗ, ಹುಲಿ, ಮೇಕೆ, ಹುಲ್ಲು ಎಂಬ ನಾಲ್ಕರಲ್ಲಿ ಪ್ರತಿಯೊಂದೂ ಈ ದಡದಲ್ಲಿರಬಹುದು ಅಥವಾ ಆ ದಡದಲ್ಲಿ. ಹಾಗಾಗಿ ಒಟ್ಟು 16 ಸ್ಥಿತಿಗಳು. ಯಾರಾದರೂ ಯಾರನ್ನಾದರೂ ತಿನ್ನುವಂಥ 6 ಸ್ಥಿತಿಗಳನ್ನು ಹೊಡೆದುಹಾಕಿ. ಉಳಿದ 10ಕ್ಕೆ ರಂಗೋಲಿಯಂತೆ ಚುಕ್ಕೆಯಿಟ್ಟು, ಒಂದು ಸವಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಿ. ನಡುವೆ ಆರು ಚುಕ್ಕೆಗಳ ಒಂದು ಉಂಗುರ, ಎರಡೂ ಬದಿಗೆ ಎರಡೆರಡು ಚುಕ್ಕೆಗಳ ಬಾಲ! ಉಂಗುರವನ್ನು ಎಡದಿಂದ ಸುತ್ತಿ ಹೋದರೆ ಹುಲಿ ಮೊದಲು, ಬಲದಿಂದ ಹೋದರೆ ಹುಲ್ಲು ಮೊದಲು. ಬೇರೆ ದಾರಿಯಿಲ್ಲ, ಮತ್ತು ಎರಡು ದಾರಿಯಲ್ಲೂ ಮೇಕೆ ಹಿಂದಕ್ಕೆ ಬರಲೇಬೇಕು. ನಾಲ್ಕನೆಯ ತರಗತಿಯ ಮಗುವೂ ಈ ಚಿತ್ರವನ್ನು ಬರೆಯಬಲ್ಲದು.

52ರಿಂದ 17 ಕಳೆಯುವಾಗ ಆಗುವುದೂ ಇದೇ. 2ರಿಂದ 7 ಹೋಗುವುದಿಲ್ಲ. ಆದ್ದರಿಂದ ಅಚ್ಚುಕಟ್ಟಾಗಿದ್ದ 52ನ್ನು ಒಡೆದು ನಾಲ್ಕು ಹತ್ತು, ಹನ್ನೆರಡು ಬಿಡಿ ಮಾಡಿಕೊಳ್ಳುತ್ತೇವೆ. ಲೆಕ್ಕ ಒಂದು ಕ್ಷಣ ಮೊದಲಿಗಿಂತ ತೊಡಕಾಗಿ ಕಾಣುತ್ತದೆ, ಆಮೇಲೆ ದಾರಿ ತೆರೆಯುತ್ತದೆ. ಪರಿಸರ ಅಧ್ಯಯನದ ಆಹಾರ ಸರಪಳಿಯೂ ಒಗಟಿನೊಳಗೇ ಇದೆ: ಏಳು ಸವಾರಿಗಳಲ್ಲಿ ಮೇಕೆಯ ಪಾಲು ಮೂರು, ಹುಲಿಗೂ ಹುಲ್ಲಿಗೂ ಒಂದೊಂದೇ. ಏಕೆ? ತಿನ್ನುವುದೂ ತಿನ್ನಿಸಿಕೊಳ್ಳುವುದೂ ಮೇಕೆಯೇ. ಇನ್ನು, ಉತ್ತರವನ್ನು ಒಂದಕ್ಷರವೂ ತಪ್ಪದೆ ಪಾಲಿಸುವ ಗೆಳೆಯನಿಗೆ ಓದಿ ಹೇಳುವಂತೆ ಬರೆಯಿಸಿದರೆ ಅದು ಕನ್ನಡದ ಪಾಠ.

ಈ ಒಗಟಿನ ಹಳೆಯ ಲಿಖಿತ ರೂಪ ಸಿಗುವುದು ಯುರೋಪಿನಲ್ಲಿ. ದೊರೆ ಶಾರ್ಲಮೇನನ ಆಸ್ಥಾನದಲ್ಲಿದ್ದ, 804ರಲ್ಲಿ ತೀರಿಕೊಂಡ ಆಲ್ಕ್ವಿನ್ ರಚಿಸಿದನೆನ್ನಲಾಗುವ ಲ್ಯಾಟಿನ್ ಸಂಗ್ರಹದಲ್ಲಿ ಅದು ತೋಳ, ಮೇಕೆ, ಎಲೆಕೋಸು. ಎಳೆಯರ ಬುದ್ಧಿಯನ್ನು ಹರಿತಗೊಳಿಸುವುದಕ್ಕೆಂದೇ ಮಾಡಿದ ಸಂಗ್ರಹ ಅದು. 9ನೆಯ ಶತಮಾನದಲ್ಲಿ ನಮ್ಮಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ದಾರಿಯಲ್ಲಿ ಹಣದ ಚೀಲ ಕಂಡ ವ್ಯಾಪಾರಿಗಳ ಲೆಕ್ಕ ಅದರಲ್ಲಿದೆ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ. ಇಂಥ ಪರಂಪರೆಯಿರುವ ನಾಡಿನಲ್ಲಿ ಒಗಟು ಶನಿವಾರದ ಕೊನೆಯ ಪೀರಿಯಡ್ಡಿಗೆ ಮಾತ್ರ ಎಂದುಕೊಂಡಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗೆಂದು ಒಗಟು ಬಿಡಿಸಿದ ಮಾತ್ರಕ್ಕೆ ಬುದ್ಧಿ ಚುರುಕಾಗುತ್ತದೆ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಒಂದು ಕೆಲಸದ ಅಭ್ಯಾಸ ಇನ್ನೊಂದಕ್ಕೆ ತಾನಾಗಿ ಹರಿಯುವುದಿಲ್ಲ ಎಂದು ಮನೋವಿಜ್ಞಾನಿಗಳಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ 1901ರಲ್ಲೇ ತೋರಿಸಿದ್ದರು. 1980ರಲ್ಲಿ ಗಿಕ್ ಮತ್ತು ಹೋಲಿಯೋಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕಥೆ ಓದಿಸಿದರು: ಸೇನಾಪತಿಯೊಬ್ಬ ಸೈನ್ಯವನ್ನು ಸಣ್ಣ ತುಕಡಿಗಳಾಗಿ ಒಡೆದು, ಹಲವು ದಾರಿಗಳಿಂದ ಏಕಕಾಲಕ್ಕೆ ನುಗ್ಗಿಸಿ ಕೋಟೆ ಗೆಲ್ಲುತ್ತಾನೆ. ಆಮೇಲೆ, ಸುತ್ತಲಿನ ಅಂಗಾಂಶ ಸುಡದಂತೆ ಗಡ್ಡೆಯನ್ನು ಕಿರಣದಿಂದ ನಾಶಮಾಡುವುದು ಹೇಗೆ ಎಂದು ಕೇಳಿದರು. ದುರ್ಬಲ ಕಿರಣಗಳನ್ನು ಹಲವು ದಿಕ್ಕುಗಳಿಂದ ಹಾಯಿಸಬೇಕು, ಕಥೆಯೇ ಉತ್ತರ. ಆದರೂ ಹೆಚ್ಚಿನವರಿಗೆ ತಾವಾಗಿ ಹೊಳೆಯಲಿಲ್ಲ. ಆ ಕಥೆಯನ್ನು ಬಳಸಿ ನೋಡಿ ಎಂದು ಸುಳಿವು ಕೊಟ್ಟಾಗ ಬಹುತೇಕರು ಬಿಡಿಸಿದರು.

ಆ ಸುಳಿವನ್ನು ಕೊಡುವುದು ಶಿಕ್ಷಕರ ಕೆಲಸ. ಅದಕ್ಕೆ ದುಡ್ಡು ಬೇಕಿಲ್ಲ. ಇತ್ತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವುದನ್ನು ಕಲಿಸುತ್ತೇವೆ ಎನ್ನುವ ‘ಮಿಡ್‌ಬ್ರೇನ್ ಆಕ್ಟಿವೇಶನ್’ ತರಗತಿಗಳಿಗೆ ತಂದೆತಾಯಂದಿರು ಸಾವಿರಾರು ರೂಪಾಯಿ ಸುರಿಯುತ್ತಾರೆ. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದನ್ನೇ ಅಲ್ಲಿ ಮಕ್ಕಳು ಕಲಿಯುವುದು.

ಕಳೆಯುವ ಲೆಕ್ಕದಲ್ಲಿ ಮಗು ತಡವರಿಸಿದಾಗ ‘ಇಲ್ಲಿ ಮೇಕೆ ಯಾವುದು?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮರುವಾರ ಒಗಟಿಗೆ ಇನ್ನೊಂದು ಪ್ರಾಣಿಯನ್ನು ಸೇರಿಸಿ, ದೋಣಿಯಲ್ಲಿ ಎರಡಕ್ಕೆ ಜಾಗ ಮಾಡಿ, ಚುಕ್ಕೆಗಳ ಚಿತ್ರವನ್ನು ಮಕ್ಕಳೇ ಹೊಸದಾಗಿ ಬರೆಯಲಿ.