ಬೆಣ್ಣೆಹಣ್ಣಿನ ಗಿಡ್ಡ ಮರಕ್ಕೆ ತಳಿ ಮತ್ತು ಕಸಿ

ರುಚಿಯಾದ ಬೆಣ್ಣೆಹಣ್ಣು ತಿಂದವರಿಗೆ ಅದರ ಬೀಜವನ್ನು ಎಸೆಯಲು ಮನಸ್ಸು ಬರುವುದಿಲ್ಲ. ಬಿತ್ತಿದರೆ ಕೆಲವೇ ವಾರಗಳಲ್ಲಿ ಮೊಳೆಯುತ್ತದೆ ಎಂಬುದೂ ನಿಜ. ಆದರೆ ಹಣ್ಣಿನ ತಿರುಳು ತಾಯಿಮರದ್ದೇ ಆಗಿದ್ದರೂ ಬೀಜದೊಳಗಿನ ಭ್ರೂಣ ಪರಾಗ ಕೊಟ್ಟ ಮರದ ಗುಣಗಳನ್ನೂ ಪಡೆದಿರುತ್ತದೆ; ಹೀಗಾಗಿ ಸಸಿ ತಾಯಿಯಂತಾಗುವ ಭರವಸೆಯಿಲ್ಲ, ಫಲಕ್ಕಾಗಿ ಐದರಿಂದ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕಾಗುತ್ತದೆ.

ಅಪರೂಪಕ್ಕೆ ಅದೃಷ್ಟ ಒಲಿಯುವುದೂ ಉಂಟು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅಂಚೆಯವ ರುಡಾಲ್ಫ್ ಹ್ಯಾಸ್ ತಾನು ಬೆಳೆಸಿದ ಸಸಿಯೊಂದಕ್ಕೆ ಫುಯೆರ್ಟೆ ತಳಿಯ ಕಸಿ ಕಟ್ಟಿಸಿದಾಗ ಅದು ಹಿಡಿಯಲಿಲ್ಲ. ಬೇಡವೆಂದು ಕೀಳದೆ ಉಳಿಸಿಕೊಂಡ ಆ ಸಸಿಯೇ ಮುಂದೆ ಹ್ಯಾಸ್ ತಳಿಯಾಗಿ 1935ರಲ್ಲಿ ಪೇಟೆಂಟ್ ಪಡೆಯಿತು. ತಾಯಿಮರ 2002ರಲ್ಲಿ ಬೇರುಕೊಳೆ ರೋಗಕ್ಕೆ ಬಲಿಯಾಯಿತಾದರೂ ಲೋಕದ ಪ್ರತಿಯೊಂದು ಹ್ಯಾಸ್ ಮರವೂ ಕಸಿಯಿಂದ ಕಸಿಗೆ ದಾಟಿ ಬಂದ ಅದೇ ಮರದ ರೆಂಬೆ.

ಕಸಿಗಿಡವೆಂದರೆ ಗಿಡ್ಡ ಗಿಡ ಎಂಬ ನಂಬಿಕೆ ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಕಸಿಯಿಂದ ಮೂರು ನಾಲ್ಕು ವರ್ಷಕ್ಕೇ ಹಣ್ಣು ಸಿಗುತ್ತದೆ, ನಿಜ. ಆದರೆ ಸೇಬಿಗೆ ಇರುವಂತೆ ಮರವನ್ನು ಗಿಡ್ಡವಾಗಿಸುವ ನಂಬಿಕಸ್ಥ ಬೇರುಸಸಿ (ಕಸಿ ಕಟ್ಟಿಸಿಕೊಳ್ಳುವ ಬುಡದ ಸಸಿ) ಬೆಣ್ಣೆಹಣ್ಣಿಗೆ ಇನ್ನೂ ಬಳಕೆಗೆ ಬಂದಿಲ್ಲ. ಎತ್ತರವನ್ನು ನಿರ್ಧರಿಸುವುದು ಮುಖ್ಯವಾಗಿ ಮೇಲಿನ ತಳಿ ಮತ್ತು ಸವರುವ ಕತ್ತರಿ. ಕೊಂಬೆಗಳು ಜೋಲುವ ವರ್ಟ್ಜ್ ತಳಿ ಸುಮಾರು ಮೂರು ಮೀಟರಿನಷ್ಟಕ್ಕೇ ತೃಪ್ತವಾಗಿರುತ್ತದೆ. ದುಂಡು ಹಣ್ಣಿನ ರೀಡ್ ಕಂಬದಂತೆ ನೆಟ್ಟಗೆ ಬೆಳೆಯುವುದರಿಂದ ಗೋಡೆಯ ಪಕ್ಕದ ಕಿರಿದಾದ ಜಾಗಕ್ಕೂ ಒಗ್ಗುತ್ತದೆ. ಇಕ್ಕಟ್ಟಿನ ಹಿತ್ತಿಲಿಗೆ ನನ್ನ ಮತ ಇದಕ್ಕೇ. ಅಗಲವಾಗಿ ಹರಡುವ ಫುಯೆರ್ಟೆ, ರುಚಿಯೆಷ್ಟೇ ಚೆನ್ನಾಗಿದ್ದರೂ, ಸಣ್ಣ ಜಾಗದ ಮರವಲ್ಲ. ಚಳಿಯನ್ನು ಮೆಕ್ಸಿಕನ್ ಮೂಲದ ತಳಿಗಳು ಚೆನ್ನಾಗಿ ತಾಳುತ್ತವೆ, ತಗ್ಗುಪ್ರದೇಶದ ಸೆಕೆಯನ್ನು ವೆಸ್ಟ್ ಇಂಡಿಯನ್ ತಳಿಗಳು.

ಹೂವಿನ ವರ್ತನೆಯೂ ಆಯ್ಕೆಗೆ ಸಂಬಂಧಿಸಿದ್ದೇ. ಇದರ ಒಂದೊಂದು ಹೂವೂ ಎರಡು ಸಲ ಅರಳುತ್ತದೆ: ಮೊದಲು ಹೆಣ್ಣಾಗಿ, ಮರುಸಲ ಗಂಡಾಗಿ. ಹ್ಯಾಸ್, ರೀಡ್, ವರ್ಟ್ಜ್ ಮುಂತಾದ 'ಎ' ಗುಂಪಿನ ಹೂವು ಬೆಳಿಗ್ಗೆ ಹೆಣ್ಣಾಗಿ ಅರಳಿ, ಮುಚ್ಚಿಕೊಂಡು, ಮರುದಿನ ಮಧ್ಯಾಹ್ನ ಪರಾಗ ಚೆಲ್ಲುತ್ತದೆ. ಫುಯೆರ್ಟೆ, ಬೇಕನ್ ಮುಂತಾದ 'ಬಿ' ಗುಂಪಿನದು ಮಧ್ಯಾಹ್ನ ಹೆಣ್ಣು, ಮರುಬೆಳಿಗ್ಗೆ ಗಂಡು. ಹವೆ ಏರುಪೇರಾದಾಗ ಈ ವೇಳಾಪಟ್ಟಿ ಕಲಸಿಹೋಗುವುದರಿಂದ ಒಂಟಿ ಹ್ಯಾಸ್ ಮರವೂ ಕಾಯಿ ಕಚ್ಚುತ್ತದೆ. ಎರಡೂ ಗುಂಪು ಹತ್ತಿರವಿದ್ದರೆ ಫಸಲು ಹೆಚ್ಚಬಹುದು. ಜಾಗವಿಲ್ಲದವರು 'ಎ' ಮರದ ಒಂದು ಕೊಂಬೆಗೆ 'ಬಿ' ತಳಿಯನ್ನು ಕಸಿ ಕಟ್ಟಬಹುದು.

ಕಟ್ಟುವ ಕೆಲಸಕ್ಕೆ ಪೆನ್ಸಿಲ್ ದಪ್ಪದ ಸಸಿ ಸಾಕು. ಕಸಿಕಡ್ಡಿಯನ್ನು ಬೇಕಾದ ತಳಿಯ ಮರದ ಬಲಿತ ಹೊಸ ರೆಂಬೆಯ ತುದಿಯಿಂದ, ಮೊಗ್ಗು ಉಬ್ಬಿದ್ದು ಇನ್ನೂ ಬಿಚ್ಚಿಕೊಳ್ಳದಿರುವಾಗ ಆರಿಸಿ, ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು. ಸಸಿಯ ತಲೆಯನ್ನು ಕೊಯ್ದು, ಕೆಳಗೆ ಕೆಲವು ಎಲೆಗಳನ್ನು ಉಳಿಸಿ, ನಡುವೆ ಮೂರು ಸೆಂಟಿಮೀಟರ್ ಸೀಳಿ, ಬೆಣೆಯಂತೆ ಚೂಪುಮಾಡಿದ ಕಡ್ಡಿಯನ್ನು ಅದರಲ್ಲಿ ಇಳಿಸಬೇಕು. ಬೆಸೆಯುವುದು ತೊಗಟೆಯ ಅಡಿಯಲ್ಲಿರುವ ಕ್ಯಾಂಬಿಯಂ ಎಂಬ ತೆಳು ಪದರ ಮಾತ್ರ; ಒಳಗಿನ ಕಟ್ಟಿಗೆಯಲ್ಲ. ನಾನು ಮೊದಲ ಸಲ ತೆಳ್ಳನೆಯ ಕಡ್ಡಿಯನ್ನು ಅಂದವಾಗಿ ಸೀಳಿನ ನಟ್ಟನಡುವೆ ಕೂರಿಸಿದ್ದೆ. ಎರಡೂ ಅಂಚಿನಲ್ಲಿ ಪದರಗಳು ಸೇರದೆ ವಾರವೆರಡರಲ್ಲಿ ಅದು ಕಪ್ಪಾಯಿತು. ದಪ್ಪ ಹೊಂದದಿದ್ದರೆ ಒಂದು ಬದಿಗೆ ಸರಿಸಿ, ಅಲ್ಲಾದರೂ ತೊಗಟೆಗೆ ತೊಗಟೆ ಕೂಡಿಸಬೇಕು. ಗಾಯ ಒಣಗಿದರೆ ಜೀವಕೋಶಗಳು ಸಾಯುವುದರಿಂದ ಕಡ್ಡಿಯ ತುದಿಯವರೆಗೂ ಹಿಗ್ಗುವ ತೆಳು ಟೇಪು ಸುತ್ತಿ ನೆರಳಿನಲ್ಲಿಡಬೇಕು. ಮೂರು ನಾಲ್ಕು ವಾರಕ್ಕೆ ಮೊಗ್ಗು ಟೇಪನ್ನು ತಳ್ಳತೊಡಗುತ್ತದೆ.

ಕಸಿ ಹಿಡಿದ ಸಂಭ್ರಮದಲ್ಲಿ ಮರೆಯುವುದು ಬುಡವನ್ನು. ಗಂಟಿನ ಕೆಳಗೆ ಬೇರುಸಸಿಯೂ ಚಿಗುರುತ್ತದೆ, ಅದೂ ಹೆಚ್ಚು ಹುರುಪಿನಿಂದ. ಎಳೆಯದಿರುವಾಗಲೇ ಹೆಬ್ಬೆರಳಿನಿಂದ ಚಿವುಟದಿದ್ದರೆ ನೆಟ್ಟ ರೀಡ್ ಸೊರಗಿ, ಹೆಸರಿಲ್ಲದ ಬೀಜದ ಮರವೊಂದು ಅದರ ಜಾಗದಲ್ಲಿ ನಿಂತಿರುತ್ತದೆ.