ಕೋಳಿ ತಿನ್ಬಹುದಾ ಅಂತ ನೀವು ಕೇಳ್ತೀರಿ, ಕೋಳಿ ಮುಟ್ಟಿದ್ರಾ ಅಂತ ನಾವು ಕೇಳೋದಿಲ್ಲ

ಹಕ್ಕಿ ಜ್ವರದ ಸುದ್ದಿ ಟಿವಿಯಲ್ಲಿ ಬಂದ ಕೂಡ್ಲೇ ಮಂಗಳೂರಿನ ಯಾವ ಓಪಿಡಿಯಲ್ಲಿ ಕೂತರೂ ಪ್ರಶ್ನೆ ಒಂದೇ, "ಡಾಕ್ಟ್ರೇ, ಕೋಳಿ ತಿನ್ಬಹುದಾ?" ತಿನ್ನಿ ಮಾರಾಯ್ರೆ. ಒಳಗಿನವರೆಗೆ 70 ಡಿಗ್ರಿ ಬಿಸಿ ಮುಟ್ಟಿದ್ರೆ ವೈರಸ್ ಸಾಯ್ತದೆ, ಕೋರಿ ಗಸಿ ಕೊತಕೊತ ಕುದಿಯುವಾಗ ಅದಕ್ಕೆ ಎಂತ ಉಳಿಗಾಲ ಉಂಟು? ಹಾಫ್ ಬಾಯಿಲ್ ಮಾತ್ರ ಸ್ವಲ್ಪ ದಿನ ಬಿಡಿ. ರಿಸ್ಕ್ ಜಾಸ್ತಿ ಇರೋದು ಕೊಯ್ಯುವವರಿಗೆ, ಪುಕ್ಕ ಕೀಳುವವರಿಗೆ, ಫಾರ್ಮ್ ಗುಡಿಸುವವರಿಗೆ, ಮತ್ತೆ ಹೇಳಿದ್ರೆ ಕೆಲವರಿಗೆ ಬೇಜಾರಾಗ್ತದೆ, ಕೋಳಿ ಅಂಕದಲ್ಲಿ ಗಾಯ ಆದ ಹುಂಜವನ್ನು ಎದೆಗೆ ಒತ್ತಿಕೊಂಡು ಬರಿಗೈಯಲ್ಲಿ ರಕ್ತ ಒರೆಸುವವರಿಗೆ.

ಹಕ್ಕಿ ಜ್ವರದ ವೈರಸ್ ಎಚ್5ಎನ್1 ಅಂಟಿಕೊಳ್ಳುವ ರಿಸೆಪ್ಟರ್, ಅಂದ್ರೆ ಜೀವಕೋಶದ ಮೇಲಿನ ಕೊಂಡಿ, ನಮ್ಮ ಮೂಗು ಗಂಟಲಲ್ಲಿ ಕಮ್ಮಿ, ಶ್ವಾಸಕೋಶದ ತಳದಲ್ಲಿ ಜಾಸ್ತಿ. ಹಾಗಾಗಿ ಸುಲಭಕ್ಕೆ ಹತ್ತೋದಿಲ್ಲ, ಹತ್ತಿದ್ರೆ ಸೀದಾ ನ್ಯುಮೋನಿಯಾಕ್ಕೆ ಹೋಗಬಹುದು, ಆದ್ರೆ ಒಬ್ಬನಿಂದ ಇನ್ನೊಬ್ಬನಿಗೆ ದಾಟೋದು ತೀರಾ ಅಪರೂಪ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಬಂದು 6 ಜನ ಸತ್ರು. 2003ರಿಂದ ಈಚೆಗೆ ಜಗತ್ತಿನಲ್ಲಿ ಪತ್ತೆಯಾದ ಕೇಸು 900 ದಾಟಿದೆ, ಹತ್ತಿರ ಹತ್ತಿರ ಅರ್ಧದಷ್ಟು ಜನ ಉಳಿಲಿಲ್ಲ. 2021ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಒಬ್ಬ ಹುಡುಗ ತೀರಿಕೊಂಡ. 2024ರಲ್ಲಿ ಅಮೆರಿಕದ ಹಾಲು ಕರೆಯುವ ದನಗಳಿಗೂ ಬಂತು, ಅಲ್ಲಿ ಡೇರಿ ಕೆಲಸದವರಿಗೆ ಹೆಚ್ಚಾಗಿ ಬರೀ ಕಣ್ಣು ಕೆಂಪಾದದ್ದು. ನಮಗೆ ತಲೆಬಿಸಿ ಇರೋದು ಬೇರೆ, ಒಬ್ಬನೇ ಮನುಷ್ಯನಿಗೆ ಮಾಮೂಲಿ ಫ್ಲೂ ಮತ್ತು ಹಕ್ಕಿ ಫ್ಲೂ ಒಟ್ಟಿಗೆ ಹಿಡಿದ್ರೆ ಎರಡೂ ಜೀನ್ ಅದಲುಬದಲು ಮಾಡಿಕೊಂಡು ಮನುಷ್ಯರಿಂದ ಮನುಷ್ಯರಿಗೆ ಸುಲಭಕ್ಕೆ ದಾಟುವ ಹೊಸ ವೈರಸ್ ಆಗಬಹುದು. ಕೋಳಿ ಅಂಗಡಿ ಹುಡುಗರಿಗೆ ವರ್ಷಕ್ಕೊಂದು ಮಾಮೂಲಿ ಫ್ಲೂ ಲಸಿಕೆ ಹಾಕಿಸಿ ಅಂತ ನಾನು ಹೇಳೋದು ಅದಕ್ಕೇ.

ಈಗ ನಮ್ಮ ಕಥೆ. ಮಳೆಗಾಲದಲ್ಲಿ ಜ್ವರ ಅಂತ ಬಂದ್ರೆ ಮಲೇರಿಯಾ, ಡೆಂಗಿ, ಇಲಿ ಜ್ವರ ಅಂತ ಮೂರು ಟೆಸ್ಟ್ ಬರೆದು ಮುಂದಿನವರನ್ನು ಕರೀತೇವೆ, ಕೋಳಿ ಮುಟ್ಟಿದ್ರಾ ಅಂತ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಗಂಟಲ ಸ್ವಾಬ್‌ನಲ್ಲಿ ಇನ್‌ಫ್ಲುಯೆಂಜಾ ಎ (ಹಕ್ಕಿ ಜ್ವರವೂ ಸೇರುವ ಫ್ಲೂ ಗುಂಪು) ಪಾಸಿಟಿವ್ ಬಂದು, ಮನುಷ್ಯರಲ್ಲಿ ಮಾಮೂಲಿಯಾಗಿ ಸಿಗುವ ಎಚ್1 ಅಲ್ಲ ಎಚ್3 ಕೂಡ ಅಲ್ಲ ಅಂತಾದ್ರೆ ಆ ಸ್ಯಾಂಪಲ್ ಪುಣೆಯ ವೈರಾಲಜಿ ಲ್ಯಾಬಿಗೆ ಓಡ್ಬೇಕು. ಆದ್ರೆ ಸ್ವಾಬ್ ತೆಗೆಯುವವರೇ ಇಲ್ಲದಿದ್ರೆ? ಕೊರೊನಾ ಟೈಮಲ್ಲಿ ಗುತ್ತಿಗೆಗೆ ತಗೊಂಡ ಲ್ಯಾಬ್ ಹುಡುಗರು, ನರ್ಸ್‌ಗಳು ಎಷ್ಟೋ ಜನ ಅಲೆ ಇಳಿದ ಮೇಲೆ ಮನೆಗೆ ಹೋದ್ರು. ಯಾವ ಮನೆಯಲ್ಲಿ ಯಾರಿಗೆ ಜ್ವರ ಅಂತ ನಮಗಿಂತ ಮೊದಲು ಗೊತ್ತಾಗುವ ಆಶಾ ಅಕ್ಕಂದಿರು 2025ರ ಜನವರಿಯಲ್ಲಿ ಸಂಬಳಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂರ್ಬೇಕಾಯ್ತು. ಹೊಸ ವೆಂಟಿಲೇಟರ್ ಬಂದ್ರೆ ರಿಬ್ಬನ್ ಕತ್ತರಿಸಿ ಫೋಟೋ ತೆಗಿಬಹುದು, ಸ್ವಾಬ್ ತೆಗೆಯುವವನ ಸಂಬಳಕ್ಕೆ ಫೋಟೋ ಇಲ್ವಲ್ಲ.

ಪಶು ವೈದ್ಯರದ್ದೂ ಇದೇ ಪಾಡು. ಒಂದು ಕಡೆ ರೋಗ ಖಾತ್ರಿಯಾದ್ರೆ ಸುತ್ತ 1 ಕಿಲೋಮೀಟರ್ ಕೋಳಿಗಳನ್ನೆಲ್ಲ ಕೊಲ್ಬೇಕು, 2025ರಲ್ಲಿ ಚಿಕ್ಕಬಳ್ಳಾಪುರದ ಕಡೆ ಹೀಗೇ ಆಯ್ತು. ಪರಿಹಾರದ ದುಡ್ಡು ಬೇಗ ಕೈಗೆ ಸಿಗದಿದ್ರೆ ಮುಂದಿನ ಸಲ ಆ ರೈತ ಯಾಕೆ ಹೇಳ್ತಾನೆ, ಸತ್ತದ್ದನ್ನು ರಾತ್ರಿ ಹೂತು ಉಳಿದದ್ದನ್ನು ಮಾರಿಬಿಡ್ತಾನೆ ಅಷ್ಟೆ.

ಮನೆ ಹತ್ತಿರ ಕಾಗೆಗಳೋ ಕೋಳಿಗಳೋ ಒಟ್ಟೊಟ್ಟಿಗೆ ಸತ್ತು ಬಿದ್ದಿದ್ರೆ ಬರಿಗೈಯಲ್ಲಿ ಎತ್ತಿ ತೋಡಿಗೆ ಬಿಸಾಡ್ಬೇಡಿ. ಪಶು ಆಸ್ಪತ್ರೆಗೆ ಹೇಳಿ, ಇಲ್ಲ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಆಮೇಲೆ ಹತ್ತು ದಿನದೊಳಗೆ ಜ್ವರ ಕೆಮ್ಮು ಬಂದ್ರೆ, ಡಾಕ್ಟ್ರು ಕೇಳದಿದ್ರೂ ಸತ್ತ ಹಕ್ಕಿಯ ವಿಷಯ ನೀವೇ ಹೇಳಿ. ಫ್ಲೂ ವೈರಸ್ಸಿಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ ಜ್ವರ ಬಂದ ಮೊದಲ ಎರಡು ದಿನದಲ್ಲಿ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡ್ತದೆ.