ಕಳಲೆಯ ನೀರು ಬದಲಿಸುವುದನ್ನು ಕಲಿಸಿದ್ದು ಯಾರು?

ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಬಿದಿರಿನ ಮೆಳೆಯಲ್ಲಿ ಕಳಲೆ, ಅಂದರೆ ಎಳೆಯ ಮೊಳಕೆ, ಏಳುತ್ತದೆ. ತುಳುವರಿಗೆ ಅದು ಕಣಿಲೆ, ಕೊಡವರಿಗೆ ಬೈಂಬಳೆ. ಹೊರಸಿಪ್ಪೆ ಸುಲಿದು, ಎಳೆಯ ಭಾಗವನ್ನು ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರಲ್ಲಿ ನೆನೆಹಾಕುತ್ತಾರೆ. ದಿನಕ್ಕೊಮ್ಮೆ ನೀರು ಬದಲಿಸಿ, ಮೂರನೆಯ ದಿನ ಪಲ್ಯ. ಯಾಕೆ ಹೀಗೆ ಎಂದು ಕೇಳಿದರೆ "ಹಾಗೇ ಮಾಡೋದು" ಎನ್ನುತ್ತಾರೆ. ಹೆಚ್ಚೆಂದರೆ, "ಕಹಿ ಹೋಗ್ಲಿ ಅಂತ."

ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತುವಿದೆ. ಹೆಚ್ಚಿದಾಗ ಕೋಶಗಳು ಒಡೆದು, ಕಳಲೆಯದೇ ಕಿಣ್ವ ಅದರೊಡನೆ ಬೆರೆತು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಈ ವಿಷ ನೀರಿನಲ್ಲಿ ಕರಗುತ್ತದೆ, ಬಿಸಿ ತಾಗಿದರೆ ಬೇಗ ಆವಿಯಾಗುತ್ತದೆ. ಹೋಳು ದಪ್ಪವಾದರೆ ಒಳಗಿನ ಕೋಶಗಳು ಒಡೆಯುವುದೇ ಇಲ್ಲ. ನೀರು ಬದಲಿಸದಿದ್ದರೆ ಕರಗಿದ್ದು ಅಲ್ಲೇ ಉಳಿಯುತ್ತದೆ. ಮುಚ್ಚಳ ಹಾಕಿ ಬೇಯಿಸಿದರೆ ಆವಿಗೆ ದಾರಿಯಿಲ್ಲ. ಬಸಿದ ನೀರನ್ನು ದನ ಬಾಯಿ ಹಾಕುವ ಕಡೆ ಚೆಲ್ಲಬಾರದು. ಮೂರು ದಿನದ ಲೆಕ್ಕವೇನೂ ಕಟ್ಟುನಿಟ್ಟಲ್ಲ. ತೆಳ್ಳಗೆ ಹೆಚ್ಚಿ, ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ ನೀರು ಬಸಿದರೂ ವಿಷದ ಬಹುಪಾಲು ಹೋಗುತ್ತದೆ.

ಇದನ್ನು ಒಬ್ಬರೇ ಮಾಡಿ ನೋಡಿ ಕಂಡುಕೊಳ್ಳುವುದು ಕಷ್ಟ. ಒಂದು ಹಂತ ಬಿಟ್ಟು ಉಂಡ ದಿನ ಏನೂ ಆಗದಿರಬಹುದು. ಆಗ ಅದು ದಂಡದ ಕೆಲಸವೆನಿಸುತ್ತದೆ. ತಲೆನೋವೋ ವಾಂತಿಯೋ ಬಂದರೂ ಕಳಲೆಯ ಮೇಲೇ ಅನುಮಾನ ಬರಬೇಕಲ್ಲ! ಇಂಥ ಕಡೆ ಕಂಡದ್ದನ್ನು ಕಂಡಂತೆ ಮಾಡುವವರೇ ಜಾಣರು.

ಮನುಷ್ಯರ ಮಕ್ಕಳು ಅಂಥವರೇ. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪೆಟ್ಟಿಗೆಯಿತ್ತು. ತೋರಿಸುವವರು ಮೊದಲು ಮೇಲಿನ ತೂತಿಗೆ ಕೋಲು ತೂರಿಸಿ, ಆಮೇಲೆ ಮುಂದಿನ ಬಾಗಿಲಿನಿಂದ ಬಹುಮಾನ ತೆಗೆಯುತ್ತಿದ್ದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ, ಮೇಲಿನ ತೂತಿಗೂ ಬಹುಮಾನಕ್ಕೂ ಸಂಬಂಧವಿಲ್ಲವೆಂದು ಕಣ್ಣಿಗೇ ಕಾಣುತ್ತಿತ್ತು. ಚಿಂಪಾಂಜಿಗಳು ಹೆಚ್ಚಾಗಿ ನೇರ ಬಾಗಿಲಿಗೇ ಕೈಹಾಕಿದವು. ಮೂರು-ನಾಲ್ಕು ವರ್ಷದ ಮಕ್ಕಳು ಮಾತ್ರ ಆಗಲೂ ಮೇಲಿನ ತೂತನ್ನು ಬಿಡಲಿಲ್ಲ. ಈ ಅತಿ-ಅನುಕರಣೆ ಪಟ್ಟಣದ ಮಕ್ಕಳಿಗಷ್ಟೇ ಸೀಮಿತವಲ್ಲ. ಆಫ್ರಿಕಾದ ಕಲಹಾರಿ ಮರುಭೂಮಿಯ ಬುಷ್‌ಮನ್ ಮಕ್ಕಳಲ್ಲೂ ಕಂಡಿದೆ.

ಹೀಗೆ ಕಲಿತರೆ ಅನಗತ್ಯದ್ದೂ ಜೊತೆಗೆ ಬರುತ್ತದೆ ನಿಜ. ಆದರೆ ಹೆಚ್ಚಿನ ತೊಂದರೆ ಇರುವುದು ಅಡುಗೆಮನೆಯ ಕೆಲಸ ಬರಹಕ್ಕೆ ಇಳಿದಾಗ. ಕಳಲೆ ಪಲ್ಯದ ವಿಧಾನ ಎಷ್ಟೋ ಸಲ "ಹೆಚ್ಚಿದ ಕಳಲೆ ಎರಡು ಬಟ್ಟಲು" ಎಂದೇ ಶುರುವಾಗುತ್ತದೆ. ನೆನೆಸಿದ್ದೋ ಹಸಿಯದ್ದೋ ಎಂಬ ಮಾತೇ ಇರುವುದಿಲ್ಲ. ಅದೂ ಹೇಳಬೇಕಾದ ವಿಷಯವೆಂದು ಬರೆದವರಿಗೆ ಅನಿಸಿರುವುದಿಲ್ಲ.